ಕಂದು ಚಿಪ್ಪು, ಬಿಳಿ ಹಿನ್ನೆಲೆ

ಅಕ್ಟೋಬರ್ 4, ಶನಿವಾರ

ಅಕ್ಕನನ್ನು ಆಸ್ಪತ್ರೆಯಿಂದ ಕರೆತಂದಾಯಿತು. ನನ್ನ ಮನೆಗೆ. ಅವಳ ಮನೆ ಇರುವುದು ಅವಳದೇ ಡ್ರೈವಿಂಗ್ ಸ್ಕೂಲಿನ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಕಡಿದಾಗಿವೆ, ಜೊತೆಗೆ ಯಾರೂ ಇಲ್ಲ. ಇಲ್ಲಾದರೆ ನಾನಿದ್ದೇನೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಎಲ್ಲರೂ ಅಂದರೆ ಡಾಕ್ಟರು ಮತ್ತು ಅಕ್ಕ.

ಬಲಗಣ್ಣಿನ ಒಳಪರದೆ ಹಳೇ ಗೋಡೆಯ ಸುಣ್ಣದ ಹಾಗೆ ಎದ್ದು ಬಂದಿತ್ತಂತೆ. ಅದನ್ನು ಮತ್ತೆ ಅಂಟಿಸಿ, ಹಿಡಿದುಕೊಳ್ಳುವ ತನಕ ಒತ್ತಿಕೊಂಡಿರಲಿ ಎಂದು ಕಣ್ಣೊಳಗೆ ಒಂದು ಗಾಳಿಗುಳ್ಳೆ ತುಂಬಿದ್ದಾರೆ. ಗುಳ್ಳೆ ಜಾಗ ಬಿಟ್ಟು ಕದಲಬಾರದು. ಅದಕ್ಕೆ ಅಕ್ಕ ಬೋರಲು ಮಲಗಿಯೇ ಇರಬೇಕು. ಕೂತರೂ ಮುಖ ನೆಲದ ಕಡೆಗೇ ಬಾಗಿರಬೇಕು. ಎಡಗಣ್ಣು ಎರಡು ವರ್ಷದ ಹಿಂದೆಯೇ ಕೆಟ್ಟಿದೆ, ಬೆಳಕು ಬಿಟ್ಟರೆ ಅದಕ್ಕೇನೂ ತಿಳಿಯದು. ಯಾರ ಹತ್ತಿರವೂ ತುಟಿ ಪಿಟಕ್ಕೆನ್ನದೆ ಒಂದೇ ಕಣ್ಣಿನಲ್ಲಿ ಊರವರಿಗೆಲ್ಲ ಕಾರು ಕಲಿಸುತ್ತಿದ್ದಳು ಎನ್ನುವುದು ನನಗೆ ಗೊತ್ತಾಗಿದ್ದು ಡಾಕ್ಟರ ಬಾಯಿಂದ. ಈ ಕಣ್ಣು ಉಳಿದರೆ ಅವಳ ಕಾರು, ಸ್ಕೂಲು ಎರಡೂ ಉಳಿಯುತ್ತವೆ. ಹೋದರೆ ಎಲ್ಲವೂ ಹೋದ ಹಾಗೆ.

"ಕಲಿಸೋಕೆ ಒಂದು ಕಣ್ಣು ಸಾಕು ಕಣೇ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಲ್ಲ," ಎಂದಳು ದಿಂಬಿನೊಳಗಿಂದ.

ಇನ್ನೊಂದು ದಿಂಬು ತಂದು ಅವಳ ಎದೆಯ ಕೆಳಗೆ ತುರುಕಿದೆ.

ಅಕ್ಟೋಬರ್ 6, ಸೋಮವಾರ

ಮನೆಯಿಂದಲೇ ಕೆಲಸ ಮಾಡಲು ಮುಖ್ಯಸ್ಥರು ಒಪ್ಪಿದರು. ಮ್ಯೂಸಿಯಮ್ಮಿನ ಚಿಪ್ಪುಗಳ ಕೋಣೆ ಮುಚ್ಚಿಯಾಗಿದೆ. ಬಸವನಹುಳು, ಶಂಖ, ಕಪ್ಪೆಚಿಪ್ಪು ಎಲ್ಲವೂ ಹತ್ತಿಯಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆಯೊಳಗೆ ಕೂತು ನೆಲಮಾಳಿಗೆಗೆ ಇಳಿದಿವೆ. ಇನ್ನು ಮೇಲೆ ಜನ ನೋಡುವುದು ನಾನು ತೆಗೆದ ಫೋಟೊಗಳನ್ನು ಮಾತ್ರ. ಬಿಳಿ ಕಾಗದದ ಮೇಲೆ ಒಂದು ಚಿಪ್ಪು, ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣದ ಪಟ್ಟಿ, ಸಂಖ್ಯೆಯ ಚೀಟಿ. ಅವನ್ನೆಲ್ಲ ಸಂಶೋಧಕರ ಚಿತ್ರಭಂಡಾರಕ್ಕೆ ಒಟ್ಟಿಗೆ ಅಪ್‌ಲೋಡ್ ಮಾಡಬೇಕು. ಒಂದು ಕಡೆ ಚಿತ್ರಗಳ ಫೋಲ್ಡರು, ಇನ್ನೊಂದು ಕಡೆ ಮಾಹಿತಿಯ ಸಾಲುಗಳು. ಮೊದಲ ಚಿತ್ರಕ್ಕೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು, ಹೀಗೆ ಕೊನೆಯ ತನಕ.

ಹೆಸರು, ಅಳತೆ, ಸಿಕ್ಕಿದ ಜಾಗ ಎಲ್ಲ ಮೊದಲೇ ತುಂಬಿಯಾಗಿತ್ತು. ಕೊನೆಯಲ್ಲಿ 'ವಿವರಣೆ' ಎಂಬ ಖಾನೆ ಮಾತ್ರ ಖಾಲಿ. "ಕಂದು ಚಿಪ್ಪು, ಬಿಳಿ ಹಿನ್ನೆಲೆ" ಎಂದು ಒಂದು ಸಾಲಿಗೆ ಬರೆದು, ಎಲ್ಲ ಸಾಲಿಗೂ ಅದೇ ಬೀಳುವಂತೆ ಮೌಸು ಹಿಡಿದು ಕೆಳಗಿನ ತನಕ ಎಳೆದುಬಿಟ್ಟೆ. ಚಹಾ ಆರುವಷ್ಟರಲ್ಲಿ ಮುಗಿಯಿತು.

ಅಪ್‌ಲೋಡಿನ ನೀಲಿ ಪಟ್ಟಿ ಇಡೀ ದಿನ ತೆವಳಿತು. ಅಕ್ಕ ನಾಲ್ಕು ಸಲ ಕರೆದಳು. ನೀರು, ದಿಂಬು, ಕಿಟಕಿ, ಮತ್ತೆ ದಿಂಬು.

ಅಕ್ಟೋಬರ್ 7, ಮಂಗಳವಾರ

ಅಕ್ಕನ ಫೋನು ನನ್ನ ಕೈಗೆ ಬಂದಿದೆ. ಗಡಿಯಾರ ರಿಪೇರಿಯವರೊಬ್ಬರು ದಿನಾ ಫೋನು ಮಾಡುತ್ತಾರೆ. ಐವತ್ತು ದಾಟಿದವರು, ಅಕ್ಕನ ಹತ್ತಿರ ಕಾರು ಕಲಿತು ಪರೀಕ್ಷೆಯಲ್ಲಿ ಮೂರು ಸಲ ಫೇಲಾದವರು. "ಮೇಡಂ ಯಾವಾಗ ಬರ್ತಾರೆ? ಅವರಿಲ್ದೆ ನಾನು ಪರೀಕ್ಷೆಗೆ ಹೋಗಲ್ಲ," ಎನ್ನುತ್ತಾರೆ.

"ಕೈ ತುಂಬಾ ಚೆನ್ನಾಗಿದೆ ಅವರದು. ಕಾಲು ನಿಧಾನ," ಎಂದಳು ಅಕ್ಕ. "ಕೆಂಪು ಕಂಡ ಮೇಲೆ ಯೋಚನೆ ಮಾಡ್ತಾರೆ."

ಮಧ್ಯಾಹ್ನ ಟ್ರೇ ಹಿಡಿದು ಅವಳ ಕೋಣೆಗೆ ನುಗ್ಗಿದೆ. ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಹೊದಿಕೆಯೊಳಗೆ ಅವಳ ಬಲಗಾಲು ಮಂಚದ ಪಟ್ಟಿಯನ್ನು ಒತ್ತಿತು. ನನಗೇ ಬ್ರೇಕ್ ಹಾಕುತ್ತಾಳೆ. ಚಿಕ್ಕವಳಿದ್ದಾಗಿನಿಂದಲೂ ಅದೇ ಕೆಲಸ.

ಅಕ್ಟೋಬರ್ 9, ಗುರುವಾರ

ಎಲ್ಲವೂ ವಾಪಸ್ ಬಂತು. ಒಂದಲ್ಲ ಎರಡಲ್ಲ, ಎಲ್ಲ ಚಿತ್ರಗಳೂ.

ಭಂಡಾರದ ಪರಿಶೀಲಕಿಯ ಪತ್ರ: "ವಿವರಣೆಯ ಖಾನೆ ಇರುವುದು ಕಣ್ಣು ಕಾಣದ ಓದುಗರಿಗಾಗಿ. ಅವರ ಕಂಪ್ಯೂಟರು ಅದನ್ನು ಓದಿ ಹೇಳುತ್ತದೆ. ನಿಮ್ಮ ಚಿಪ್ಪುಗಳೆಲ್ಲ ಒಂದೇ ಥರ ಇರಲಿಕ್ಕಿಲ್ಲ. ಒಂದೊಂದನ್ನೂ ನೋಡಿ ಬರೆಯಬೇಕಾಗಿ ವಿನಂತಿ." ನಾನು ಅವರಿಗೆ ವಾಪಸಮ್ಮ ಎಂದು ಹೆಸರಿಟ್ಟೆ, ಜೋರಾಗಿಯೇ.

"ಯಾರಮ್ಮ ಅದು?" ಎಂದಳು ಅಕ್ಕ. ಹೇಳಿದೆ. ಓದಿ ತೋರಿಸು ಎಂದಳು. ಓದಿದೆ.

"ಕಂದು ಚಿಪ್ಪು, ಬಿಳಿ ಹಿನ್ನೆಲೆ," ಎಂದು ತಾನೂ ಒಂದು ಸಲ ಹೇಳಿಕೊಂಡಳು. "ನನಗೀಗ ಕಾಣೋದೆಲ್ಲ ಮಂಜು. ಇದನ್ನ ಕೇಳಿದ ಮೇಲೂ ಮಂಜೇ. ಆ ಹೆಂಗಸು ವಾಪಸ್ ಕಳಿಸಿದ್ದು ಸರಿಯಾಗಿದೆ."

ಇವಳು ಯಾರ ಕಡೆ?

ಅಕ್ಟೋಬರ್ 10, ಶುಕ್ರವಾರ

ಬೆಳಗ್ಗೆಯಿಂದ ಬರೆದೆ. ಸಣ್ಣ ಕಂದು ಚಿಪ್ಪು. ದೊಡ್ಡ ಕಂದು ಚಿಪ್ಪು. ಸ್ವಲ್ಪ ಉದ್ದನೆಯ ಕಂದು ಚಿಪ್ಪು. ತಲೆ ಚಿಟ್ಟು ಹಿಡಿಯಿತು.

ಅಕ್ಕನಿಗೆ ಹೊತ್ತು ಹೋಗುವುದಿಲ್ಲ. ರೇಡಿಯೊ ಬೇಡವಂತೆ, ಚಿಪ್ಪು ಬೇಕಂತೆ. ಕಂಪ್ಯೂಟರನ್ನು ಅವಳ ಕೋಣೆಗೇ ತಂದು ಮಂಚದ ಪಕ್ಕ ಕೂತೆ. ಹಣೆಗೆ ಒಂದು ದಿಂಬು, ಎದೆಗೆ ಒಂದು ದಿಂಬು ಕೊಟ್ಟುಕೊಂಡು ನೆಲಕ್ಕೆ ಪಾಠ ಹೇಳುವವಳಂತೆ ಮಾತಾಡಿದಳು.

"ಗಾಡಿ ಹತ್ತಿದವರಿಗೆ ನಾನು ಏನು ಹೇಳ್ಕೊಡ್ತೀನಿ? ದೂರದ್ದು ಮೊದಲು ನೋಡು, ಹತ್ತಿರದ್ದು ಆಮೇಲೆ, ಪಕ್ಕದ್ದು ಕೊನೆಗೆ. ನೀನು ಒಂದೇ ಸಲ ಬಂಪರಿಗೆ ಮೂಗು ತಾಗಿಸ್ತೀಯ. ದೂರದಿಂದ ಹೇಳು. ಎಷ್ಟಿದೆ ಅದು?"

"ಹೆಬ್ಬೆರಳಿನ ಉಗುರಿನಷ್ಟು."

"ಯಾವ ಕಡೆ ಮುಖ?"

"ಬಾಯಿ ನಮ್ಮ ಕಡೆ. ಬಲಕ್ಕೆ ತೆರೆದಿದೆ."

"ಈಗ ಹತ್ತಿರ ಹೋಗು. ಕಂದು ಅಂದ್ರೆ ಯಾವ ಕಂದು?"

ನನಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಈ ಚಿಪ್ಪುಗಳನ್ನು ಕ್ಯಾಮೆರಾದಲ್ಲಿ ನೋಡುತ್ತಿದ್ದೇನೆ. ಬೆಳಕು ಸರಿಯಿದೆಯೇ, ಅಂಚು ಮಸುಕಾಗಿದೆಯೇ ಎಂದು ನೋಡಿದ್ದೇನೆಯೇ ಹೊರತು ಬಣ್ಣ ಎಂಥದೆಂದು ಯಾರಿಗೂ ಹೇಳಿರಲಿಲ್ಲ. ಕೊನೆಗೆ, "ಹಾಲು ಕಮ್ಮಿಯಾದ ಚಹಾ," ಎಂದೆ.

"ನೀನು ಮಾಡೋ ಚಹಾನಾ? ಗೊತ್ತಾಯ್ತು, ಕಂಡಿತು," ಎಂದಳು.

ಅಕ್ಟೋಬರ್ 13, ಸೋಮವಾರ

ಸುಸ್ತು. ಬೆನ್ನು ಬಿದ್ದುಹೋಗಿದೆ. ಅವಳ ಬೆನ್ನೂ ಅಷ್ಟೇ. ಸ್ನಾನ ಮಾಡಿಸುವಾಗಲೂ ಅವಳು ತಲೆ ಎತ್ತುವಂತಿಲ್ಲ. ಒಂದು ಕೈಯಲ್ಲಿ ಅವಳ ಹಣೆ, ಇನ್ನೊಂದರಲ್ಲಿ ನೀರಿನ ಮಗ್ಗು ಹಿಡಿದೆ. ಅವಳ ಹೆಗಲ ಮೇಲೆ ಸೀಟ್‌ಬೆಲ್ಟು ಉಜ್ಜಿ ಉಜ್ಜಿ ಕಪ್ಪಾದ ಒಂದು ಪಟ್ಟಿ ಇದೆ, ಎರಡು ಬೆರಳಿನಗಲ. ನನಗದು ಗೊತ್ತೇ ಇರಲಿಲ್ಲ.

ಇನ್ನು ಮೇಲೆ ಈ ದಿನಚರಿಯನ್ನೂ ಚಿಪ್ಪಿನ ವಿವರಣೆಗಳನ್ನೂ ಒಂದೇ ಕಡತದಲ್ಲಿ ಬರೆಯುತ್ತೇನೆ. ಇದಕ್ಕೊಂದು ಅದಕ್ಕೊಂದು ತೆರೆಯುವಷ್ಟು ಚೈತನ್ಯ ಇಲ್ಲ. ಮುಗಿದ ಮೇಲೆ ವಿವರಣೆಗಳನ್ನು ಮಾತ್ರ ಎತ್ತಿ ಆ ಖಾನೆಗೆ ಒಟ್ಟಿಗೆ ಅಂಟಿಸಿದರಾಯಿತು.

ಅಕ್ಟೋಬರ್ 14, ಮಂಗಳವಾರ

ಡಾಕ್ಟರು ನೋಡಿದರು. ಪರದೆ ಅಂಟಿಕೊಂಡಿದೆ. ಇನ್ನು ಎದ್ದು ಕೂರಬಹುದು, ಗುಳ್ಳೆ ತಾನಾಗಿ ಕರಗುತ್ತದೆ. ಕರಗಿದ ಹಾಗೆಲ್ಲ ಮೇಲಿನಿಂದ ನೋಟ ಬಿಚ್ಚಿಕೊಳ್ಳುತ್ತದೆ ಎಂದರು. ಏನಾದರೂ ನೆರಳು ಕಂಡರೆ ತಕ್ಷಣ ಬರಬೇಕು ಎಂದೂ ಹೇಳಿದರು.

ಅಕ್ಕ ಊಟದ ಮೇಜಿನ ಮುಂದೆ ತಲೆ ಎತ್ತಿ ಕೂತಳು. ಸೂಪಿನ ಬಟ್ಟಲು ಅವಳ ಮುಂದಿಡುವಾಗ ನನಗೆ ಅಳು ಬಂತು. ಸೂಪು ಬಿಸಿ ಇತ್ತು ಎಂದು ಹೇಳಿದೆ.

ಅಕ್ಟೋಬರ್ 17, ಶುಕ್ರವಾರ

ಗುಳ್ಳೆಯ ಗೆರೆ ಕಾಣಿಸುತ್ತಿದೆಯಂತೆ. ಬಾಟಲಿಯೊಳಗಿನ ನೀರಿನ ಮಟ್ಟದ ಹಾಗೆ, ತಲೆ ಆಡಿಸಿದರೆ ಅದೂ ಆಡುತ್ತದಂತೆ. ಗೆರೆಯ ಮೇಲೆ ನಮ್ಮ ದೀಪದ ಬುರುಡೆ, ಪರದೆಯ ಕಂಬಿ, ಗೋಡೆಯ ಬಿರುಕು. ಒಂದೊಂದು ಕಂಡಾಗಲೂ ಕೂಗಿ ಹೇಳುತ್ತಾಳೆ. ಬಿರುಕನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

ಇವತ್ತಿನ ಕೆಲವು ಇಲ್ಲಿ ಇಡುತ್ತೇನೆ, ನನಗೇ ಇಷ್ಟವಾದವು:

ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡ ಬಸವನಹುಳು. ಬಾಯಿ ಬಲಕ್ಕೆ. ಕೊನೆಯ ಸುತ್ತು ಉಬ್ಬಿದೆ, ಒಳಗಿನ ಸುತ್ತುಗಳು ಅದರೊಳಗೆ ಮುದುಡಿಕೊಂಡಿವೆ. ಬಣ್ಣ ಹಳೆಯ ಕಾಗದದ್ದು.

ಬೆರಳುದ್ದದ ಚೂಪು ಶಂಖ. ತುದಿ ಮುರಿದಿದೆ, ಮುರಿದ ಜಾಗ ನುಣ್ಣಗಾಗಿದೆ. ಮುರಿದ ಮೇಲೂ ಬಹಳ ದಿನ ಉರುಳಾಡಿದ್ದಿರಬೇಕು.

ಎರಡನೆಯದನ್ನು ಕೇಳಿ ಅಕ್ಕ, "'ಇರಬೇಕು' ಅನ್ನೋದು ತೆಗಿ. ನೋಡಿದ್ದನ್ನ ಮಾತ್ರ ಹೇಳು," ಎಂದಳು. ತೆಗೆದೆ. ಇಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ.

ಅಕ್ಟೋಬರ್ 21, ಮಂಗಳವಾರ

ಬರೆದೆ. ಓದಿದೆ. ತಿದ್ದಿದೆ. ಮಲಗಿದೆ.

ಅಕ್ಟೋಬರ್ 22, ಬುಧವಾರ

ಗಡಿಯಾರ ರಿಪೇರಿಯವರು ಪಾಸಾದರು. ಅಕ್ಕನೇ ಫೋನಿನಲ್ಲಿ ಬೈದು ಪರೀಕ್ಷೆಗೆ ಕಳಿಸಿದ್ದಳು. ಸಿಹಿ ಬಿಸ್ಕತ್ತಿನ ಡಬ್ಬ ಹಿಡಿದು ಬಂದು ಬಾಗಿಲಲ್ಲೇ ನಿಂತು, "ಮೇಡಂ, ಬ್ರೇಕ್ ಹಾಕಬೇಕಾದಾಗೆಲ್ಲ ನಿಮ್ಮ ಬೈಗುಳ ನೆನೆಸಿಕೊಂಡೆ," ಎಂದರು. ಸ್ಕೂಲಿನ ಕಾರು ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆ, ವಾರಕ್ಕೆರಡು ಸಲ ಓಡಿಸಿ ಎಂದು ಅಕ್ಕ ಬೀಗದ ಕೈ ಅವರಿಗೇ ಕೊಟ್ಟಳು. ಅವಳು ಆ ಬೀಗದ ಕೈಯನ್ನು ನನಗೂ ಯಾವತ್ತೂ ಕೊಟ್ಟವಳಲ್ಲ.

ಅವರು ಹೋದ ಮೇಲೆ ನಕ್ಕಳು. ಆಮೇಲೆ ಬಿಸ್ಕತ್ತಿನ ಡಬ್ಬದ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಳು. ಒಂಟಿ ಅನಿಸಿರಬೇಕು.

ಅಕ್ಟೋಬರ್ 24, ಶುಕ್ರವಾರ

ಕೊನೆಯ ಚಿಪ್ಪುಗಳು. ಇವತ್ತು ಮುಗಿಸಿಯೇ ತೀರುವುದೆಂದು ಕೂತೆ. ಅಕ್ಕ ಎದುರಿಗೇ ಇದ್ದಳು. ಮೂರು ದಿನದಿಂದ ಬಿಡಿಸಿ ಬಿಡಿಸಿ ಕೇಳುವುದನ್ನು ಬಿಟ್ಟಿದ್ದಾಳೆ; ಏನು ಓದಿದರೂ "ಸರಿ ಇದೆ" ಎನ್ನುತ್ತಾಳೆ. ಗೆರೆಯ ವಿಷಯವನ್ನೂ ಹೇಳುತ್ತಿಲ್ಲ. ಬೇಜಾರು ಬಂದಿರಬೇಕು, ನನಗೇ ಬಂದಿದೆ.

ಅಂಗೈಯಗಲದ ಕಪ್ಪೆಚಿಪ್ಪು, ಒಳಮೈ ಮೇಲೆ. ಮಧ್ಯದಲ್ಲಿ ನೇರಳೆ, ಅಂಚಿಗೆ ಹೋದಂತೆ ಬೂದಿ ಬಣ್ಣ.

ಬಲಗಡೆ ಇಟ್ಟ ಲೋಟ ಹುಡುಕಲು ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸುತ್ತಾಳೆ. ಕೈ ಮೊದಲು ಮೇಜಿನ ಅಂಚು ಮುಟ್ಟಿ, ಆಮೇಲೆ ಲೋಟಕ್ಕೆ ಹೋಗುತ್ತದೆ.

ಗುಂಡಿಯಷ್ಟು ಚಪ್ಪಟೆ ಬಸವನಹುಳು. ಮೈ ತುಂಬ ಸಣ್ಣ ಮುಳ್ಳು, ಎರಡು ಉದುರಿವೆ.

ಕತ್ತು ನೋವಿರಬೇಕು, ಅಷ್ಟು ದಿನ ಬೋರಲು ಮಲಗಿದ್ದಕ್ಕೆ. ಎಣ್ಣೆ ಬಿಸಿ ಮಾಡಿ ತಿಕ್ಕಿಕೊಡಲೇ ಎಂದೆ. ಬೇಡ ಎಂದಳು.

ವಿವರಣೆಗಳನ್ನೆಲ್ಲ ಎತ್ತಿ ಖಾನೆಗೆ ಅಂಟಿಸಿದೆ. ಕಣ್ಣು ಉರಿಯುತ್ತಿತ್ತು, ತಿರುಗಿ ನೋಡಲಿಲ್ಲ. ನೀಲಿ ಪಟ್ಟಿ ತೆವಳಲು ಶುರುವಾದ ಮೇಲೆ ಕುರ್ಚಿಯಲ್ಲೇ ನಿದ್ದೆ ಹೋದೆ.

ಅಕ್ಟೋಬರ್ 27, ಸೋಮವಾರ

ವಾಪಸಮ್ಮ ಪತ್ರ ಬರೆಯಲಿಲ್ಲ, ಫೋನೇ ಮಾಡಿದರು. ದನಿ ನನ್ನದಕ್ಕಿಂತ ಸುಸ್ತಾಗಿತ್ತು. ಹಿಂದೆ ಒಂದು ಮಗು ಅಳುತ್ತಿತ್ತು.

"ನಿಮ್ಮ ವಿವರಣೆಗಳನ್ನ ಎಲ್ಲ ಓದಿದೆ. ಇಷ್ಟು ಚೆನ್ನಾಗಿ ಯಾರೂ ಬರೆದು ಕಳಿಸಿಲ್ಲ. ಆದ್ರೆ ಕೊನೆಗೆ ಬರ್ತಾ ಏನೋ ಎಡವಟ್ಟಾಗಿದೆ. ನುಣ್ಣಗಿರೋ ಚಿಪ್ಪಿಗೆ ಮುಳ್ಳಿದೆ ಅಂತೀರಿ, ಮುಳ್ಳಿರೋದಕ್ಕೆ ಇನ್ನೇನೋ. ಎಲ್ಲ ಒಂದೊಂದು ಸಾಲು ಕೆಳಗೆ ಜಾರಿವೆ."

"ಎಲ್ಲಿಂದ ಜಾರಿವೆ?"

"ಅಲ್ಲೊಂದು ಜಾಸ್ತಿ ಸಾಲು ಸೇರ್ಕೊಂಡಿದೆ. ಓದ್ತೀನಿ ಕೇಳಿ." ಓದಿದರು. ಅಳು ನಿಲ್ಲದ ಮಗುವನ್ನು ಸುಮ್ಮನಿರಿಸುತ್ತಾ, ಒಂದೊಂದೇ ಪದ ಬಿಡಿಸಿ ಓದಿದರು. "ಬಲಗಡೆ ಇಟ್ಟ ಲೋಟ ಹುಡುಕಲು ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸುತ್ತಾಳೆ; ಕೈ ಮೊದಲು ಮೇಜಿನ ಅಂಚು ಮುಟ್ಟಿ, ಆಮೇಲೆ ಲೋಟಕ್ಕೆ ಹೋಗುತ್ತದೆ." ಆಮೇಲೆ ನಕ್ಕು, "ಈ ಬಸವನಹುಳ ಚಹಾ ಕುಡಿಯುತ್ತಾ?" ಎಂದರು.

ನಾನೇ ನೋಡಿ ನಾನೇ ಬರೆದ ಮಾತು, ಬೇರೆಯವರ ದನಿಯಲ್ಲಿ ಬಂದಾಗ ಅದರಲ್ಲಿ ಕತ್ತುನೋವು ಇರಲಿಲ್ಲ. ಬಲಗಡೆ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಅಷ್ಟೇ ಇತ್ತು.

ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟೆ. ಅಡುಗೆಮನೆಗೆ ಹೋದೆ. ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಎಡ ಅರ್ಧಕ್ಕೆ ಮಾತ್ರ.

"ಯಾವಾಗಿನಿಂದ?" ಎಂದೆ.

ಚಾಕು ಕೆಳಗಿಟ್ಟಳು. ಸುಳ್ಳು ಹೇಳಲಿಲ್ಲ. "ಹೋದ ಮಂಗಳವಾರದಿಂದ. ಬಲಗಡೆಯಿಂದ ಯಾರೋ ಪರದೆ ಎಳೀತಾ ಬರ್ತಿದ್ದಾರೆ. ಎಡಗಣ್ಣಿಗೂ ಹೀಗೇ ಶುರುವಾಗಿತ್ತು. ಇದು ಅರ್ಧಕ್ಕೇ ನಿಲ್ಲುತ್ತೇನೋ ಅಂತ ಕಾದೆ."

"ನೆರಳು ಕಂಡ್ರೆ ತಕ್ಷಣ ಬನ್ನಿ ಅಂತ ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು. ಇನ್ನೊಂದು ಸಲ ಬೋರಲು ಮಲಗೋಕೆ ಹೆದರಿಕೆ ಆಯ್ತು ಕಣೇ," ಎಂದಳು. "ನೀನೂ ಕುರ್ಚೀಲೇ ನಿದ್ದೆ ಮಾಡ್ತಿದ್ದೆ."

ಸಿಟ್ಟು ಎಲ್ಲಿಂದ ಬರಬೇಕು? ಗಡಿಯಾರ ರಿಪೇರಿಯವರಿಗೆ ಫೋನು ಮಾಡಿದ್ದೇನೆ. ಸ್ಕೂಲಿನ ಕಾರು ತರುತ್ತಿದ್ದಾರೆ. ಅವಳಿಗೆ ಚಪ್ಪಲಿ ಹಾಕಿಸಬೇಕು.

ಅಕ್ಟೋಬರ್ 28, ಮಂಗಳವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಕಣ್ಣಿನ ಒಳಪರದೆ ಮತ್ತೆ ಎದ್ದಿದೆ, ಈ ಸಲ ನಟ್ಟನಡುವೆಯೂ. ಡಾಕ್ಟರು ಬಹಳ ಹೊತ್ತು ದೀಪ ಹಾಕಿ ನೋಡಿದರು. ಗುರುವಾರ ಇನ್ನೊಂದು ಆಪರೇಷನ್. ಅದರಿಂದ ಬೆಳಕು, ಎದುರಿಗಿದ್ದವರ ಆಕಾರ, ಬಾಗಿಲು ಎಲ್ಲಿದೆ ಎನ್ನುವುದು ಉಳಿಯಬಹುದು. "ಕಾರು ಓಡಿಸೋದು, ಕಲಿಸೋದು ಎರಡೂ ಮುಗೀತು ಅಂದ್ಕೊಳ್ಳಿ. ನಾನು ಆಸೆ ತೋರಿಸಲ್ಲ," ಎಂದರು. ಆರು ದಿನ ಮೊದಲು ಬಂದಿದ್ದರೆ ಎಂದು ಕೇಳಲು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅವಳು ಮುಚ್ಚಿಟ್ಟಳು ನಿಜ. ನಾನು ಅಷ್ಟು ಸರಿಯಾಗಿ ನೋಡಿಯೂ ಕತ್ತುನೋವು ಎಂದು ಬರೆದೆನಲ್ಲ. 'ಇರಬೇಕು' ತೆಗಿ ಎಂದು ಅವಳೇ ಹೇಳಿದ್ದಳು.

ಹೊರಗೆ ಬಂದಾಗ ಗಡಿಯಾರ ರಿಪೇರಿಯವರು ಕಾರಿನ ಹಿಂದಿನ ಬಾಗಿಲು ತೆರೆದು ನಿಂತಿದ್ದರು. ಅಕ್ಕ ಅದನ್ನು ಕೈಯಿಂದ ಸವರಿ, ದಾಟಿ, ಮುಂದಿನ ಬಾಗಿಲು ತಾನೇ ತೆರೆದು ಕಲಿಸುವವರ ಸೀಟಿನಲ್ಲಿ ಕೂತಳು. ಬೆಲ್ಟು ಎಳೆದು ಹಾಕಿಕೊಂಡಳು. ನಾನು ಹಿಂದೆ ಕೂತೆ. ದೊಡ್ಡ ರಸ್ತೆಗೆ ಬಂದ ಮೇಲೆ ಅಕ್ಕ ತಲೆ ತಿರುಗಿಸದೆ, "ಹೇಳು," ಎಂದಳು.

ಎರಡೂ ಸೀಟುಗಳ ನಡುವೆ ಮುಂದಕ್ಕೆ ಬಾಗಿ ಹೇಳಿದೆ.

"ದೂರದಲ್ಲಿ ಸಿಗ್ನಲ್ಲು, ಹಸಿರು. ಅದರ ಹಿಂದೆ ನೀರಿನ ಟ್ಯಾಂಕು, ಹೊಸದಾಗಿ ಬಿಳಿ ಬಳಿದಿದ್ದಾರೆ. ನಮ್ಮ ಮುಂದೆ ಒಂದು ಲಾರಿ. ನೀಲಿ ಟಾರ್ಪಾಲು, ಒಂದು ಮೂಲೆಯ ಹಗ್ಗ ಬಿಚ್ಚಿ ಹಾರಾಡ್ತಿದೆ. ಎಡಗಡೆ ಸೈಕಲ್ಲಿನಲ್ಲಿ ಒಬ್ಬರು, ಒಂದೇ ಕೈಯಲ್ಲಿ ಹಿಡಿದಿದ್ದಾರೆ."

"ಲಾರಿ ಎಷ್ಟು ದೂರ?"

"ಎರಡು ಬಸ್ಸಿನಷ್ಟು."

"ಈಗ?"

"ಒಂದೂವರೆ. ಸಿಗ್ನಲ್ಲು ಹಳದಿ ಆಯ್ತು. ಲಾರಿಯ ಹಿಂದಿನ ದೀಪ ಕೆಂಪಾಯ್ತು, ಎಡಗಡೆಯದು ಮಾತ್ರ. ಬಲಗಡೆಯದು ಒಡೆದಿದೆ."

ಕಾರು ಒಂದಿಷ್ಟೂ ಕುಲುಕದೆ, ಲಾರಿಯಿಂದ ಒಂದು ಆಳಿನಷ್ಟು ದೂರದಲ್ಲಿ ನಿಂತಿತು.

ಗಡಿಯಾರ ರಿಪೇರಿಯವರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡು ತಮ್ಮ ಪಾದಗಳನ್ನೇ ನೋಡುತ್ತಿದ್ದರು. "ಮೇಡಂ," ಎಂದರು ಮೆಲ್ಲಗೆ, "ನಾನಿನ್ನೂ ಒತ್ತಿರಲಿಲ್ಲ."

"ಗೊತ್ತು," ಎಂದಳು ಅಕ್ಕ. "ನಿಮ್ಮ ಕಾಲು ಇವತ್ತಿಗೂ ನಿಧಾನವೇ." ಅವಳ ಬಲಪಾದ ಇನ್ನೂ ತನ್ನ ಕಡೆಯ ಬ್ರೇಕಿನ ಮೇಲೆ ಗಟ್ಟಿಯಾಗಿ ಊರಿತ್ತು. ಸಿಗ್ನಲ್ಲು ಹಸಿರಾಯಿತು ಎಂದು ನಾನು ಹೇಳಿದ ಮೇಲೇ ಎತ್ತಿದಳು.

"ಹ್ಞಾಂ, ಆಮೇಲೆ?" ಎಂದಳು.

ಟಾರ್ಪಾಲು, ಅಂಗಡಿಗಳು, ತಿರುವು, ತಿರುವಿನಲ್ಲಿ ನಿಂತ ಮುದುಕಿ, ಮುದುಕಿಯ ಕೈಚೀಲದ ಬಣ್ಣ, ಎಲ್ಲ ಹೇಳುತ್ತಾ ಬಂದೆ, ನಮ್ಮ ಮನೆಯ ಗೇಟು ಬರುವ ತನಕ.